ಸಾರು ಹಾಕಿದ ಮೇಲೆ

ನಮ್ಮೂರ ದೇವರಿಗೆ ಈಗ ದುಡ್ಡಿನ ತಾಪತ್ರಯ ಇಲ್ಲ. ಹತ್ತು ವರ್ಷದ ಹಿಂದೆ ಈ ಮಾತು ಹೇಳಿದ್ದರೆ ಊರಲ್ಲಿ ನಗುತ್ತಿದ್ದರು. ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 10 ಸಾವಿರ ದಾಟಿದ್ದೇ ತಡ, ಊರಿನ ವಾಟ್ಸಾಪ್ ಗುಂಪಿಗೆ ಗೋಪುರದ ಡಿಸೈನುಗಳು ಬಂದು ಬೀಳತೊಡಗಿದವು. ನೆಲಕ್ಕೆ ಗ್ರಾನೈಟ್, ಬಾಗಿಲಿಗೆ ಹಿತ್ತಾಳೆ ತಗಡು, ಮುಂದೆ ಒಂದು ಕಮಾನು. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವವನು ಒಂದು ಲಕ್ಷ ಬರೆಸಿದ. ಅವನು ಬರೆಸಿದ ಅಂತ ಅವನ ದಾಯಾದಿ ಒಂದೂಕಾಲು ಬರೆಸಿದ. ಅದೇ ಗುಂಪಿನಲ್ಲಿ 'ಸುಗ್ಗಿಗೆ ಯಾರ್ಯಾರು ಊರಲ್ಲಿ ಉಳ್ಕೊಳ್ತೀರಿ, ಹೆಸರು ಹಾಕಿ' ಅಂತ ನನ್ನ ದೊಡ್ಡಪ್ಪ ಮೊಮ್ಮಗನ ಕೈಯಲ್ಲಿ ಮೆಸೇಜ್ ಹಾಕಿಸಿದರೆ, ಉತ್ತರವಾಗಿ ಬಂದದ್ದು ಕೈ ಮುಗಿದ ಇಮೋಜಿಗಳು.

'ದುಡ್ಡು ಎಷ್ಟ್ ಬೇಕಾರೂ ಹಾಕ್ತರೆ ಕಣಪ್ಪ, ಹೆಗಲು ಹಾಕಾಕೆ ಒಬ್ಬನೂ ಇಲ್ಲ' ಅಂತ ದೊಡ್ಡಪ್ಪ ಅಂದದ್ದು ಅಮ್ಮನನ್ನು ಕೂರಿಸಿದ ಅಡ್ಡೆಯನ್ನು ಹೆಗಲ ಮೇಲೆ ಹೊರುವ ವಿಷಯಕ್ಕೆ. ಆದರೆ ಊರಿನ ಎಲ್ಲ ವಿಷಯಕ್ಕೂ ಅದೇ ಮಾತು ಹೊಂದುತ್ತದೆ.

ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಸುಮ್ಮನೆ ಜಗಳ. ಸಕಲೇಶಪುರದಿಂದ ಹೆತ್ತೂರಿನ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕು. ನಲವತ್ತು ಚಿಲ್ಲರೆ ಮನೆ, ಕೆಳಗಡೆ ಕಾಲೊನಿ, ಹಳ್ಳದಾಚೆ ತೋಟದ ಕೆಲಸದವರು ಇರುವ ಎರಡು ಲೈನುಮನೆಗಳು. ನಲವತ್ತರಲ್ಲಿ ಬೀಗ ಬಿದ್ದವೆಷ್ಟು ಅಂತ ಲೆಕ್ಕ ಹಾಕುವುದು ಕಷ್ಟ. ಕೆಲವು ಮನೆಗಳಿಗೆ ಶನಿವಾರ ರಾತ್ರಿ ಜೀವ ಬಂದು ಭಾನುವಾರ ಸಂಜೆ ಹೋಗುತ್ತದೆ. ಊರಿಗೆ ಇಬ್ಬರು ದೇವರು. ಕೆರೆ ಏರಿಯ ಪಕ್ಕ ಈಶ್ವರ, ಊರ ಮೇಲಿನ ಕಾಡಿನಲ್ಲಿ ಅಮ್ಮ. ಅಮ್ಮನನ್ನು ಕೆಂಚಮ್ಮನ ಹೊಸಕೋಟೆಯ ಕೆಂಚಮ್ಮನ ತಂಗಿ ಅಂತ ನನ್ನಜ್ಜಿ ಹೇಳುತ್ತಿದ್ದಳು. ಈ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಅಲ್ಲಿನ ಅಮ್ಮ ಯಾರಿಗಾದರೂ ತಂಗಿಯೋ ಅಕ್ಕನೋ ಆಗಿರುತ್ತಾಳೆ. ನೆಂಟಸ್ತಿಕೆ ಇಲ್ಲದ ದೇವರನ್ನು ನಮ್ಮವರು ಅಷ್ಟಾಗಿ ನಂಬುವುದಿಲ್ಲ.

ಯುಗಾದಿಯ ಆಸುಪಾಸಿನಲ್ಲಿ ಸುಗ್ಗಿ. ಅದಕ್ಕೆ ಮುಂಚೆ ಒಂದು ರಾತ್ರಿ ತಮಟೆ ಬಾರಿಸಿ ಸಾರು ಹಾಕುತ್ತಾರೆ, ಅಂದರೆ ಹಬ್ಬದ ಕಟ್ಟಳೆ ಶುರುವಾಯಿತು ಅಂತ ಊರಿಗೆಲ್ಲ ಸಾರುತ್ತಾರೆ. ಸಾರು ಬಿತ್ತೆಂದರೆ ಊರಿನ ನಡೆಯೇ ಬೇರೆ. ಹಸಿ ಮರಕ್ಕೆ ಕತ್ತಿ ಹಾಕುವಂತಿಲ್ಲ. ನೆಲ ಅಗೆಯುವಂತಿಲ್ಲ. ಒಗ್ಗರಣೆ ಸಿಡಿಸುವಂತಿಲ್ಲ, ಎಣ್ಣೆಯಲ್ಲಿ ಕರಿಯುವಂತಿಲ್ಲ. ಗುಡಿಯ ಕಡೆ ಚಪ್ಪಲಿ ಇಲ್ಲ. ಹಗಲು ಪೇಟೆಗೆ ಹೋದವರು ರಾತ್ರಿ ಊರಿಗೆ ಬಂದು ಮಲಗಬೇಕು. ಊರಿಂದೂರಿಗೆ ಈ ಕಟ್ಟಳೆಯಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಮೂಡಿಗೆರೆ ಕಡೆಯ ನನ್ನ ಹೆಂಡತಿಯ ತವರಿನಲ್ಲಿ ಇನ್ನೂ ಬಿಗಿ. ಒಗ್ಗರಣೆ ಇಲ್ಲದ ಸಾರನ್ನು ಮಕ್ಕಳಿಗೆ ತಿನ್ನಿಸುವುದು ಹೇಗೆ ಅಂತ ಬೆಂಗಳೂರಿನ ಸೊಸೆಯಂದಿರು ಗೊಣಗುತ್ತಾರೆ. ನನಗೆ ಮಾತ್ರ ಆ ದಿನಗಳ ಉಪ್ಪುಸಾರು, ಬೇಯಿಸಿದ ಹಲಸಿನ ಗುಜ್ಜೆ ಬಹಳ ಇಷ್ಟ.

ಈ ನಿಯಮಗಳಲ್ಲಿ ಒಗ್ಗರಣೆಯದ್ದಾಗಲಿ ಚಪ್ಪಲಿಯದ್ದಾಗಲಿ ಯಾರಿಗೂ ಭಾರವಲ್ಲ. ಮುರಿದು ಬೀಳುತ್ತಿರುವುದು ಕೊನೆಯದ್ದು, ರಾತ್ರಿ ಊರಲ್ಲಿ ಮಲಗುವುದು. ಉಳಿದದ್ದೆಲ್ಲ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತೂ ಪಾಲಿಸಬಹುದು, ಕೆಲವರು ಪಾಲಿಸುತ್ತಾರೆ ಕೂಡ. ಇದೊಂದಕ್ಕೆ ಖುದ್ದಾಗಿ ಆಳು ಬೇಕು. ಸುಗ್ಗಿಯ ಐದು ದಿನ ಕಟ್ಟೆಯ ಮುಂದೆ ಸುತ್ತು ಕಟ್ಟಿ ಕುಣಿಯಬೇಕು, ಬಿಳಿ ನಿಲುವಂಗಿ, ತಲೆಗೆ ರುಮಾಲು. ಅಡ್ಡೆಗೆ ಮುಂದೆ ನಾಲ್ಕು ಹೆಗಲು, ಹಿಂದೆ ನಾಲ್ಕು, ಏರು ಬಂದಾಗ ಬದಲಿಗೆ ಇನ್ನೆಂಟು. ಕೆಂಡಕ್ಕೆ ಸೌದೆ ಹೊರುವವರು, ಹಂಡೆಯಲ್ಲಿ ಅನ್ನ ಬಸಿಯುವವರು, ಮನೆಮನೆಗೆ ಹೋಗಿ ಬೆಲ್ಲ ಕಾಯಿ ಕೂಡಿಸುವವರು. ಭಕ್ತಿ ಅಂತ ಈಗ ನಾವು ಏನನ್ನು ಕರೆಯುತ್ತೇವೋ ಅದು ನಮ್ಮೂರಲ್ಲಿ ಬಹುಪಾಲು ಮೈಗೆಲಸ. ಮಂತ್ರ ಬಲ್ಲವರು ಒಬ್ಬಿಬ್ಬರು. ಉಳಿದವರು ಏನಾದರೊಂದನ್ನು ಹೊತ್ತೇ ದೇವರನ್ನು ಕಂಡವರು.

ಹಿಂದಿನ ವರ್ಷ ಅಡ್ಡೆಗೆ ಹೆಗಲು ಸಾಲದೆ ಹಳ್ಳದ ಹತ್ತಿರ ನಿಂತುಬಿಟ್ಟೆವು. ಹೊತ್ತವರಲ್ಲಿ ಮೂವರಿಗೆ ಅರವತ್ತು ದಾಟಿತ್ತು. ಲೈನಿನಲ್ಲಿರುವ ಅಸ್ಸಾಮಿನ ಹುಡುಗರು ಬೇಲಿ ಪಕ್ಕ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಈಗ ನಮ್ಮ ಕಡೆ ಕಾಫಿ ಕುಯ್ಯುವವರು ಅವರೇ. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ತೋಟದ ರೈಟರಿಗೆ ಅವರೆಲ್ಲ 'ಅಸ್ಸಾಮಿನೋರು', ಅಷ್ಟೆ. ಸಾರು ಹಾಕಿದ ದಿನ ಅವರಿಗೆ ಒಗ್ಗರಣೆ ಹಾಕಬೇಡಿ ಅಂತ ಹಿಂದಿಯಲ್ಲಿ ಹೇಳಬೇಕಾದ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೈಸನ್ನೆ ಮಾಡಿ, 'ಛುಂಯ್' ಅಂತ ಸದ್ದು ಮಾಡಿ ತೋರಿಸಿದೆ. ಹುಡುಗ ನಕ್ಕು ತಲೆಯಾಡಿಸಿದ. ಆ ಐದು ದಿನ ಲೈನಿನಿಂದ ಸಾಸಿವೆ ಎಣ್ಣೆಯ ವಾಸನೆ ಬರಲಿಲ್ಲ. ಊರಲ್ಲೇ ಹುಟ್ಟಿದ ಎರಡು ಮನೆಯಿಂದ ಆಮ್ಲೆಟ್ ವಾಸನೆ ಬಂದಿದ್ದು ಬೇರೆ ಮಾತು. ಹಳ್ಳದ ಹತ್ತಿರ ಅಡ್ಡೆ ನಿಂತಾಗ ಆ ಹುಡುಗರನ್ನು ಕರೆಯೋಣ ಅಂತ ಒಬ್ಬ ಅಂದ. ಇನ್ನೊಬ್ಬ 'ಅಮ್ಮ ಒಪ್ಪಬೇಕಲ್ಲ' ಅಂದ. ಅಮ್ಮನನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಐದು ನಿಮಿಷ ಸುಧಾರಿಸಿಕೊಂಡು ಆ ಮುದುಕರೇ ಮತ್ತೆ ಹೊತ್ತರು.

ಸುಗ್ಗಿ ಅಂದರೆ ಭತ್ತದ ಹಬ್ಬ. ಭತ್ತ ಎಲ್ಲಿದೆ? ನನ್ನ ಬಾಲ್ಯದಲ್ಲಿ ಕಟ್ಟೆಯ ಕೆಳಗಿನ ಬಯಲಿಡೀ ಇಂಟಾನ್ ಭತ್ತ ನೆಡುತ್ತಿದ್ದರು. ಈಗ ಅರ್ಧಕ್ಕೆ ಅಡಿಕೆ ಬಂದಿದೆ, ಉಳಿದರ್ಧ ಪಾಳು. ಆಳು ಸಿಗದೆ ಒಂದಷ್ಟು ಬಿಟ್ಟರು, ಆನೆ ಬಂದು ತುಳಿದು ಮತ್ತಷ್ಟು ಬಿಟ್ಟರು. ಒಂದೇ ಒಂದು ಮಡಿಯಲ್ಲಿ ಮಾತ್ರ ಇವತ್ತಿಗೂ ಭತ್ತ ಬೆಳೆಯುತ್ತದೆ. ಗುಡಿಯ ಒಕ್ಕಲಿನವರು ಅಮ್ಮನಿಗೆ ತೆನೆ ಬೇಕು ಅಂತ ಅದನ್ನು ನೆಡುತ್ತಾರೆ. ನಾಲ್ಕು ಅಂಕಣದ ಮನೆಯಷ್ಟು ಅಗಲ ಇರಬಹುದು. ಸುತ್ತ ಸೋಲಾರ್ ಬೇಲಿ. ಆ ಬೇಲಿಯ ಖರ್ಚಿನಲ್ಲಿ ಹತ್ತು ವರ್ಷಕ್ಕಾಗುವಷ್ಟು ಭತ್ತ ಕೊಳ್ಳಬಹುದು. ಆದರೆ ಕೊಂಡ ತೆನೆಯನ್ನು ಅಮ್ಮನ ಮುಂದೆ ಇಡುವುದು ಹೇಗೆ ಅಂತ ಒಕ್ಕಲಿನ ಯಜಮಾನರು ಕೇಳುತ್ತಾರೆ. ನನಗಂತೂ ಅವರ ಪ್ರಶ್ನೆಗೆ ಉತ್ತರ ಇಲ್ಲ. ನೈವೇದ್ಯದ ಅಕ್ಕಿ ಸಕಲೇಶಪುರದ ಅಂಗಡಿಯಿಂದ ಬರುತ್ತದೆ, ಅದಕ್ಕೆ ಅವರ ಅಭ್ಯಂತರ ಇಲ್ಲ. ತೆನೆ ಮಾತ್ರ ಊರಿನದೇ ಆಗಬೇಕು.

ಆನೆ ಅಂದೆನಲ್ಲ. ಹಾಸನ ಜಿಲ್ಲೆಯಲ್ಲಿ ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆನೆಗಳಿಗೆ ಇಲ್ಲಿ ಹೆಸರುಗಳಿವೆ. ಭೀಮ ಒಂಟಿ, ಬೀಟಮ್ಮನದು ಗುಂಪು. ಬೆಳಿಗ್ಗೆ ಎದ್ದರೆ ಮೊಬೈಲಿಗೆ ಅರಣ್ಯ ಇಲಾಖೆಯ ಸಂದೇಶ, ಯಾವ ತೋಟದ ಹತ್ತಿರ ಯಾರಿದ್ದಾರೆ ಅಂತ. ಮೊದಲು ಸುಗ್ಗಿಯ ರಾತ್ರಿ ಕಾಡಿನ ಗುಡಿಯಿಂದ ಊರಿಗೆ ಪಂಜು ಹಿಡಿದು ಬರುತ್ತಿದ್ದೆವು. ಈಗ ಹೊತ್ತು ಮುಳುಗುವ ಮುಂಚೆ ಅಮ್ಮ ಕೆಳಗಿಳಿಯಬೇಕು. ಇಷ್ಟು ವರ್ಷದ ಕಟ್ಟಳೆಯನ್ನು ಯಾವ ಸುಧಾರಕನೂ ಬದಲಿಸಲಿಲ್ಲ, ಆನೆ ಬದಲಿಸಿತು. ಗಣಪತಿ ಅಂತ ಕೈ ಮುಗಿಯುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. 'ಮುಗೀರಿ, ದೂರ ನಿಂತ್ಕೊಂಡು ಮುಗೀರಿ' ಅಂತಾರೆ ದೊಡ್ಡಪ್ಪ.

ಮೈಸೂರು ದಸರೆಯಲ್ಲಿ ಅಂಬಾರಿ ಹೊರುತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲೇ ಸತ್ತ. ಕಾಡಾನೆಗೆ ರೇಡಿಯೊ ಕಾಲರ್ ಹಾಕುವ ಕಾರ್ಯಾಚರಣೆಗೆ ಕರೆತಂದಿದ್ದರು, ಒಂಟಿ ಸಲಗದ ಜೊತೆ ಕಾದಾಡಿ ಬಿದ್ದ. ದಬ್ಬಳ್ಳಿಕಟ್ಟೆಯ ಹತ್ತಿರ ಮಣ್ಣು ಮಾಡಿದರು. ಸುದ್ದಿ ಕೇಳಿ ನಮ್ಮೂರ ಹೆಂಗಸರು ಬಾಡಿಗೆ ಜೀಪು ಮಾಡಿಕೊಂಡು ಹೋಗಿ ಕಾಯಿ ಒಡೆದು ಬಂದರು. ಆನೆಯಿಂದ ಗದ್ದೆ ಕಳೆದುಕೊಂಡ ಮನೆಯವರೂ ಆ ಜೀಪಿನಲ್ಲಿದ್ದರು. ಇದು ವಿಚಿತ್ರ ಅಂತ ಹಾಸನದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ನಕ್ಕರು. ನನಗೆ ವಿಚಿತ್ರ ಅನ್ನಿಸಲಿಲ್ಲ. ಅರ್ಜುನ ಭಾರ ಹೊತ್ತವನು, ಊರಿನವರಿಗೋಸ್ಕರ ಬಂದು ಸತ್ತವನು. ನಮ್ಮಲ್ಲಿ ವೀರಗಲ್ಲುಗಳು ಎದ್ದದ್ದು ಅಂಥವರಿಗೇ.

ಈಶ್ವರನ ಗುಡಿಯ ಕತೆ ಬೇರೆ. ಈಶ್ವರ ಮುಜರಾಯಿ ಪಟ್ಟಿಯಲ್ಲಿದ್ದಾನೆ, ಅಮ್ಮ ಇಲ್ಲ. ಇಲಾಖೆಯ ಲೆಕ್ಕದಲ್ಲಿ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವ ಗುಡಿ 'ಎ', 5ರಿಂದ 25 ಲಕ್ಷದ್ದು 'ಬಿ', 5 ಲಕ್ಷದ ಒಳಗಿನದ್ದು 'ಸಿ'. ರಾಜ್ಯದ 30 ಸಾವಿರಕ್ಕೂ ಹೆಚ್ಚು ಗುಡಿಗಳು ಈ 'ಸಿ'ಯಲ್ಲಿವೆ, ನಮ್ಮ ಈಶ್ವರನೂ ಅಲ್ಲೇ. ಅರ್ಚಕರಿಗೆ ಸಿಗುವುದು ತಸ್ತೀಕು. ವರ್ಷಕ್ಕೆ 60 ಸಾವಿರ ಇದ್ದದ್ದನ್ನು 2025ರ ಬಜೆಟ್ಟಿನಲ್ಲಿ 72 ಸಾವಿರಕ್ಕೆ ಏರಿಸಿದರು. ತಿಂಗಳಿಗೆ 6 ಸಾವಿರ, ದಿನಕ್ಕೆ 200. ಎಣ್ಣೆ, ಹೂವು, ಕರ್ಪೂರ ಅದರಲ್ಲೇ. ತೋಟದಲ್ಲಿ ಕಳೆ ತೆಗೆಯುವ ಹೆಣ್ಣಾಳಿನ ಕೂಲಿ ಅದಕ್ಕಿಂತ ಹೆಚ್ಚು. ಹಾಗಾಗಿ ನಮ್ಮ ಅರ್ಚಕರು ಬೈಕಿನಲ್ಲಿ ಬರುತ್ತಾರೆ, ಮೂರು ಊರಿನ ಮೂರು ಗುಡಿ ಮುಗಿಸಿ ಪೇಟೆಯ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಾರೆ. ಮಳೆಗಾಲದಲ್ಲಿ ಹಳ್ಳ ಬಂದರೆ ಈಶ್ವರನಿಗೆ ಉಪವಾಸ. ಅವರ ಮಗ ಈ ಕಡೆ ತಲೆಯೂ ಹಾಕಿಲ್ಲ, ಹಾಕಬೇಕು ಅಂತ ಹೇಳುವ ಹಕ್ಕು ನಮಗೇನಿದೆ?

ಈ ತಸ್ತೀಕು ಅನ್ನುವುದು ದಾನವಲ್ಲ. ದೇವರ ಹೆಸರಿನಲ್ಲಿ ಮಾನ್ಯದ ಗದ್ದೆಗಳಿದ್ದವು, 1955ರ ಇನಾಂ ರದ್ದತಿ ಕಾಯ್ದೆಯಿಂದ ಅವು ಹೋದವು. ಹೋದದ್ದಕ್ಕೆ ಪರಿಹಾರವಾಗಿ ಬಂದದ್ದು ಇದು. ಗದ್ದೆ ಹೋದದ್ದು ಸರಿಯೇ ಅನ್ನುವವನು ನಾನು. ಉಳುತ್ತಿದ್ದವರ ಮನೆಯಲ್ಲಿ ಮಕ್ಕಳು ಓದಿದ್ದು ಅದರಿಂದಲೇ, ನನ್ನ ತಾಯಿಯ ಮನೆಯೂ ಸೇರಿ. ಆದರೆ ಗದ್ದೆಯ ಜೊತೆಗೆ ಅದರ ಮೇಲಿನ ಹೊಣೆಯೂ ಬರಬೇಕಿತ್ತಲ್ಲ? ದೀಪಕ್ಕೆ ಎಣ್ಣೆ ಸರ್ಕಾರ ನೋಡಿಕೊಳ್ಳಲಿ ಅಂತ ಊರು ಕೈತೊಳೆದುಕೊಂಡಿತು, ಸರ್ಕಾರ ದಿನಕ್ಕೆ 200 ಕೊಟ್ಟು ಕೈತೊಳೆದುಕೊಂಡಿತು. ಗೋಪುರಕ್ಕೆ ಒಂದೂಕಾಲು ಲಕ್ಷ ಬರೆಸಿದವರಲ್ಲಿ ಒಬ್ಬರೂ ಅರ್ಚಕರಿಗೆ ತಿಂಗಳಿಗಿಷ್ಟು ಅಂತ ಬರೆಸಲಿಲ್ಲ. ಅದಕ್ಕೆ ಕಲ್ಲಿನಲ್ಲಿ ಹೆಸರು ಕೆತ್ತುವುದಿಲ್ಲ, ನೋಡಿ.

ಅಮ್ಮ ಇರುವ ಕಾಡಿಗೆ ಬೇರೆಯೇ ಮರ್ಯಾದೆ. ಅಲ್ಲಿಂದ ಒಣ ಪುರಲೆಯನ್ನೂ ಮನೆಗೆ ತರುವಂತಿಲ್ಲ. ಮದ್ದಿನ ಬೇರು ಬೇಕಾದರೂ ಕಾಣಿಕೆ ಇಟ್ಟು ಕೀಳಬೇಕು. ಊರಿನ ಹಳ್ಳ ಬೇಸಿಗೆಯಲ್ಲೂ ಬತ್ತದೆ ಇರುವುದು ಆ ಕಾಡಿನಿಂದ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಇಷ್ಟೆಲ್ಲ ಭಯಭಕ್ತಿ ಇರುವವರೇ ಕಾಡಿನ ಅಂಚಿಗೆ ಫಾರಂ 57, ಅಂದರೆ ಉಳುಮೆ ಮಾಡಿಕೊಂಡ ಸರ್ಕಾರಿ ನೆಲವನ್ನು ಸಕ್ರಮ ಮಾಡಿಕೊಡಿ ಅನ್ನುವ ಬಗರ್‌ಹುಕುಂ ಅರ್ಜಿ, ಹಾಕಿದ್ದಾರೆ. 2022ರಲ್ಲಿ ಸರ್ಕಾರ ಡೀಮ್ಡ್ ಅರಣ್ಯವನ್ನು (ಅಧಿಸೂಚನೆ ಇಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸಿದ ನೆಲ) 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿದಾಗ ಊರಲ್ಲಿ ಸಿಹಿ ಹಂಚಿದರು. ಹಂಚಿದ್ದರಲ್ಲಿ ತಪ್ಪಿಲ್ಲ, ಎರಡು ಮೂರು ತಲೆಮಾರು ಉಳುಮೆ ಮಾಡಿದ ನೆಲಕ್ಕೆ ಕಾಗದ ಇಲ್ಲದೆ ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರು ಇಲ್ಲಿ ಬಹಳ ಜನ. ಫಾರಂ 50 ಅಂತ ಅಪ್ಪ ಹಾಕಿದ, 53 ಅಂತ ಮಗ ಹಾಕಿದ, 57 ಅಂತ ಮೊಮ್ಮಗ ಹಾಕಿದ್ದಾನೆ. ಆದರೆ ಪುರಲೆ ಮುಟ್ಟದ ಕೈ ಬೇಲಿಯನ್ನು ಮಾತ್ರ ವರ್ಷಕ್ಕೊಂದು ಮಾರು ಒಳಗೆ ತಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಮ್ಮನಿಗೆ ಇದು ಗೊತ್ತಿಲ್ಲವೇ ಅಂತ ಅತ್ತೆಯನ್ನು ಕೇಳಿದೆ. 'ಗೊತ್ತಿಲ್ದೆ ಏನು, ಅದಕ್ಕೇ ಆನೆ ಬುಟ್ಟವ್ಳೆ' ಅಂದಳು.

ಅತ್ತೆಯ ಹರಕೆಗಳನ್ನು ಗಮನಿಸಿದರೆ ಊರಿನ ಚರಿತ್ರೆ ಬರೆಯಬಹುದು. ಮೊದಲು ದನ ಕಾಯಿಲೆಗೆ, ಆಮೇಲೆ ಮಗನ ಎಸ್ಸೆಸ್ಸೆಲ್ಸಿಗೆ, ಕಾಳುಮೆಣಸಿನ ಸೊರಗು ರೋಗಕ್ಕೂ ಒಮ್ಮೆ. ಈಗ ಒಂದೇ ಹರಕೆ, ಮಗನಿಗೆ ಹೆಣ್ಣು ಸಿಗಲಿ. ಅವನಿಗೆ ಮೂವತ್ತೇಳು. ಐದೆಕರೆ ತೋಟ, ಬೊಲೆರೊ, ಕುಡಿತ ಇಲ್ಲ. ಹೆಣ್ಣಿನ ಕಡೆಯವರು ಬಂದು ಕಾಫಿ ಕುಡಿದು ಕೇಳುವುದು ಎರಡೇ ಪ್ರಶ್ನೆ. ಬೆಂಗಳೂರಲ್ಲಿ ಮನೆ ಇದೆಯಾ, ಇಲ್ಲಿ ಆನೆ ಬರ್ತದಾ. 2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಟಿವಿಯವರು ತಮಾಷೆ ಮಾಡಿದರು. ನಮ್ಮೂರಲ್ಲಿ ಯಾರೂ ನಗಲಿಲ್ಲ. ನಲವತ್ತು ಮನೆಗೆ ಹನ್ನೆರಡು ಜನ ಅಂಥವರಿದ್ದಾರೆ. ಹೆಣ್ಣು ಬರಲಿಲ್ಲ, ಮಕ್ಕಳು ಹುಟ್ಟಲಿಲ್ಲ, ಮಕ್ಕಳಿಲ್ಲ ಅಂತ ಶಾಲೆ ಮುಚ್ಚಿತು, ಶಾಲೆಯಿಲ್ಲ ಅಂತ ಇದ್ದ ಎರಡು ಎಳೆಯ ಸಂಸಾರವೂ ಸಕಲೇಶಪುರಕ್ಕೆ ಹೋದವು. ಅಡ್ಡೆಗೆ ಹೆಗಲು ಎಲ್ಲಿಂದ ಬರಬೇಕು?

ಹುಡುಗಿಯರ ಮೇಲೆ ಸಿಟ್ಟು ಮಾಡಿಕೊಳ್ಳುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಹೆರಿಗೆ ನೋವು ಬಂದರೆ ಜೀಪು ಹುಡುಕಬೇಕಾದ ಊರಿಗೆ ಯಾಕೆ ಬರಬೇಕು ಅವರು? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಅತ್ತೆ ಧರ್ಮಸ್ಥಳ ನೋಡಿದಳು, ಹೊರನಾಡು ನೋಡಿದಳು, ಹಾಸನಾಂಬೆಯ ದರ್ಶನಕ್ಕೆ ಮೊದಲ ಸಲ ಹೋದಳು. 2025ರಲ್ಲಿ ಅಲ್ಲಿಗೆ 20 ಲಕ್ಷಕ್ಕೂ ಮೀರಿ ಜನ ಬಂದಿದ್ದರಲ್ಲ, ಅವರಲ್ಲಿ ಇವಳೂ ಒಬ್ಬಳು. 300, 1000 ರೂಪಾಯಿಯ ಟಿಕೆಟಿನ ಸಾಲನ್ನು ನೋಡಿ ಧರ್ಮದರ್ಶನದಲ್ಲಿ ಗಂಟೆಗಟ್ಟಲೆ ನಿಂತು ಬಂದಳು. ಟಿಕೆಟು ಸೊನ್ನೆ ಆದರೂ ಬಸ್ಸು ಹತ್ತಲು ಊರಿಂದ ಮುಖ್ಯರಸ್ತೆಗೆ ನಡೆಯಬೇಕು, ಅದೂ ಆನೆ ಸಂದೇಶ ನೋಡಿಕೊಂಡು. ಊರೊಳಕ್ಕೆ ಒಂದು ಬಸ್ಸು ಬೆಳಿಗ್ಗೆ, ಒಂದು ಸಂಜೆ ಬಂದರೆ ಸಾಕು ಅಂತ ಅರ್ಜಿ ಕೊಟ್ಟು ವರ್ಷಗಳಾದವು. ಗುಡಿಗೆ ಕಮಾನು ಬೇಕೋ ಬಸ್ಸಿಗೆ ತಂಗುದಾಣ ಬೇಕೋ ಅಂತ ಅತ್ತೆಯನ್ನು ಯಾವ ಸಭೆಯೂ ಕೇಳಿಲ್ಲ. ಹೆಂಗಸರನ್ನು ಸಭೆಗೆ ಕರೆಯುವ ಪದ್ಧತಿಯೇ ಇಲ್ಲವಲ್ಲ.

ಇನ್ನು ತಮಟೆಯ ವಿಷಯ. ಎಲ್ಲರೂ ಮಾತು ಮರೆಸುವುದು ಇಲ್ಲೇ.

ಸಾರು ಹಾಕುವವರು, ಸುಗ್ಗಿಯಿಡೀ ತಮಟೆ ಬಾರಿಸುವವರು ಕಾಲೊನಿಯವರು. ಅವರಿಲ್ಲದೆ ಹಬ್ಬ ಶುರುವೇ ಆಗುವುದಿಲ್ಲ. ಆದರೂ ಅವರು ನಿಲ್ಲಬೇಕಾದ್ದು ಮೆಟ್ಟಿಲ ಕೆಳಗೆ. ಮನೆಗಿಷ್ಟು ಭತ್ತ ಅಂತ ಕೊಡುತ್ತಿದ್ದರು, ಭತ್ತ ನಿಂತ ಮೇಲೆ ದುಡ್ಡು. ಅಪ್ಪಂದಿರು ಹಾಗೇ ಬಾರಿಸಿದರು. ಮಕ್ಕಳಲ್ಲಿ ಒಬ್ಬ ಜೆಸಿಬಿ ಓಡಿಸುತ್ತಾನೆ, ಒಬ್ಬ ಹಾಸನದಲ್ಲಿ ಗುಮಾಸ್ತ, ಒಬ್ಬಳು ನರ್ಸು. ಗುಡಿಯೊಳಗೆ ಬರುತ್ತೇವೆ, ಪಂಕ್ತಿಯಲ್ಲಿ ಕೂರುತ್ತೇವೆ, ಆಗ ಬಾರಿಸುತ್ತೇವೆ ಅಂತ ಅವರು ಹೇಳಿದ್ದು ಕೆಲವು ವರ್ಷದ ಹಿಂದೆ. ಹಿರಿಯರಿಗೆ ಸಿಟ್ಟು ಬಂತು. ಹಾಸನದಿಂದ ಬ್ಯಾಂಡ್ ಸೆಟ್ ತರಿಸಿದರು. ಕೆಂಪು ಕೋಟು ತೊಟ್ಟ ಹುಡುಗರು ಬಂದು ಸಿನಿಮಾ ಹಾಡು ನುಡಿಸಿದರು. ಸುಗ್ಗಿ ಕುಣಿತಕ್ಕೆ ಒಂದು ನಡೆ ಇದೆ. ಎರಡು ಹೆಜ್ಜೆ ಮುಂದೆ, ಒಂದು ತಿರುವು, ಆಮೇಲೆ ತಮಟೆ ಒಂದು ಕ್ಷಣ ತಡೆದು ಬಿಟ್ಟಾಗ ಕಾಲು ಎತ್ತಬೇಕು. ಆ ತಡೆ ಬ್ಯಾಂಡಿನವರಿಗೆ ಗೊತ್ತಿಲ್ಲ. ಎತ್ತಿದ ಕಾಲು ಎಲ್ಲಿಡಬೇಕೋ ತಿಳಿಯದೆ ಸುತ್ತು ಮುರಿದುಹೋಯಿತು, ಒಬ್ಬರ ರುಮಾಲು ಇನ್ನೊಬ್ಬರ ಕೈಗೆ ಸಿಕ್ಕಿಕೊಂಡಿತು. ಕಾಲೊನಿಯ ಹೆಂಗಸರು ದೂರದಿಂದ ನೋಡಿ ನಕ್ಕರು. ನಗಬೇಕಾದ್ದೇ.

ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ಅಂತ ಕಾನೂನು ಬಂದದ್ದೂ ಅದೇ 1955ರಲ್ಲಿ. ದೇವರ ಗದ್ದೆ ಹೋದದ್ದು ನಮ್ಮೂರಿಗೆ ಕೂಡಲೇ ಗೊತ್ತಾಯಿತು, ಈ ಇನ್ನೊಂದು ಕಾನೂನು ಇನ್ನೂ ಮುಖ್ಯರಸ್ತೆಯಿಂದ ಒಳಗೆ ನಡೆದು ಬರುತ್ತಿದೆ. ನಮ್ಮ ಜಿಲ್ಲೆಯದೇ ಸಿಗರನಹಳ್ಳಿಯಲ್ಲಿ 2015ರಲ್ಲಿ ಗುಡಿ ಪ್ರವೇಶಿಸಿದ ದಲಿತ ಹೆಂಗಸರಿಗೆ ದಂಡ ಹಾಕಿದ ಸುದ್ದಿ ದೇಶವೆಲ್ಲ ಓದಿತು. 'ಅಂಥಾದ್ದು ನಮ್ಮಲ್ಲಿಲ್ಲ' ಅಂತ ನಮ್ಮವರು ಪೇಪರು ಮಡಿಸಿದರು. ದಂಡ ಹಾಕಿಲ್ಲ, ನಿಜ. ಬ್ಯಾಂಡ್ ಸೆಟ್ ತರಿಸಿದ್ದರು, ಅಷ್ಟೆ. ಬೇಲೂರಿನ ಚೆನ್ನಕೇಶವ ಮೆಟ್ಟುವ ಚಪ್ಪಲಿಯನ್ನು ಮಾದಿಗರು ಹೊಲಿದು ಒಪ್ಪಿಸುವ ಸಂಪ್ರದಾಯ ಇದ್ದದ್ದನ್ನು ಹಳಬರು ಹೆಮ್ಮೆಯಿಂದ ಹೇಳುತ್ತಾರೆ. ಚಪ್ಪಲಿ ಕೊಟ್ಟವರ ಕಾಲಿಗೆ ಗುಡಿಯ ನೆಲ ವರ್ಷದಲ್ಲಿ ಎಷ್ಟು ದಿನ ಸಿಗುತ್ತಿತ್ತು ಅಂತ ಕೇಳಿದರೆ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಬ್ಯಾಂಡಿನ ಪ್ರಹಸನದ ನಂತರ ಒಂದು ರಾಜಿ ಆಯಿತು. ಹೋದ ವರ್ಷ ತಮಟೆ ವಾಪಸು ಬಂತು. ಕಾಲೊನಿಯವರು ಮೆಟ್ಟಿಲು ಹತ್ತಿ ಪೌಳಿಯೊಳಗೆ ನಿಂತರು, ಊಟಕ್ಕೆ ಅದೇ ಶಾಮಿಯಾನ, ಆದರೆ ಎರಡನೇ ಪಂಕ್ತಿ. ಮೊದಲನೆಯದು ಎದ್ದ ಮೇಲೆ ಬಾಳೆ ಎಲೆ ತೆಗೆದು, ನೀರು ಚಿಮುಕಿಸಿ, ಆಮೇಲೆ. ಇದನ್ನು ದೊಡ್ಡ ಬದಲಾವಣೆ ಅಂತ ಫೇಸ್‌ಬುಕ್ಕಿನಲ್ಲಿ ಬರೆದವರಿದ್ದಾರೆ. ಜೆಸಿಬಿಯವನು ಊಟ ಮುಗಿಸಿ ಕೈ ತೊಳೆಯುತ್ತ, 'ಅಡ್ಡೆ ಹೊರಾಕೆ ಜನ ಸಾಲ್ದು ಅಂತೀರಲ್ಲ ಗೌಡ್ರೆ, ನಮ್ಮ ಕೇರೀಲಿ ಹತ್ತು ಹುಡುಗ್ರು ಖಾಲಿ ನಿಂತವ್ರೆ' ಅಂದ. ದೊಡ್ಡಪ್ಪ ಕೇಳಿಸದವರಂತೆ ಎಲೆಯಡಿಕೆ ತಟ್ಟೆ ಹುಡುಕಿದರು.

ಅವನ ಮಾತಿನಲ್ಲಿ ಲೆಕ್ಕ ಸರಿ ಇದೆ. ಊರಲ್ಲಿ ಇವತ್ತು ಮದುವೆಯಾಗಿ, ಮಕ್ಕಳನ್ನು ಕಟ್ಟಿಕೊಂಡು, ರಾತ್ರಿ ಅಲ್ಲೇ ಮಲಗುವ ಎಳೆಯರು ಇರುವುದು ಕಾಲೊನಿಯಲ್ಲೇ. ಬೀಗ ಬಿದ್ದದ್ದು ನಮ್ಮ ಮನೆಗಳಿಗೆ. ಸಾರಿನ ಕಟ್ಟಳೆಯನ್ನು ಪೂರ್ತಿ ಪಾಲಿಸುವವರು ಯಾರು ಅಂತ ಅಮ್ಮ ಹಾಜರಿ ತೆಗೆದರೆ ಮೊದಲ ಸಾಲಿನಲ್ಲಿ ನಿಲ್ಲುವವರು ಅವರು, ಪಕ್ಕದಲ್ಲಿ ಆ ಸಾಸಿವೆ ಎಣ್ಣೆ ಬಿಟ್ಟ ಹುಡುಗರು.

ಈ ಸಲದ ಸಭೆ ಮುಂದಿನ ಭಾನುವಾರ. ಕಾಲೊನಿಯವರು ಮೊದಲನೇ ಪಂಕ್ತಿ ಮತ್ತು ಅಡ್ಡೆ, ಎರಡನ್ನೂ ಕೇಳಿದ್ದಾರೆ. ದೊಡ್ಡಪ್ಪ ಇನ್ನೂ ಬಾಯಿ ಬಿಟ್ಟಿಲ್ಲ, ಮೊನ್ನೆ ಫೋನಿನಲ್ಲಿ ಮಾತ್ರ 'ಹೆಗಲು ನೋವು ಕಣೋ' ಅಂದರು. ಐದು ದಿನದ ಸುಗ್ಗಿಯನ್ನು ಶನಿವಾರ, ಭಾನುವಾರಕ್ಕೆ ಇಳಿಸೋಣ ಅನ್ನುವ ಇನ್ನೊಂದು ಪ್ರಸ್ತಾಪವೂ ಇದೆ. ಅದು ಪೀಣ್ಯದ ಕಡೆಯಿಂದ ಬಂದದ್ದು. ಸಭೆಗೆ ಬರಲಾಗದವರಿಗೆ ಗೂಗಲ್ ಮೀಟ್ ಲಿಂಕ್ ಕಳಿಸುತ್ತಾರಂತೆ. ಊರಲ್ಲಿ ನೆಟ್‌ವರ್ಕ್ ಸಿಗುವುದು ಈಶ್ವರನ ಗುಡಿಯ ಹಿಂದಿನ ಬಂಡೆ ಮೇಲೆ ಮಾತ್ರ, ಹಾಗಾಗಿ ಸಭೆ ಅಲ್ಲೇ.